ಬಿಲ್ಲೆಗೆ ಕಿವಿಗುರುತು ಹಾಕಿದ ಮನೆತನ

ಚಿತ್ತಮ್ಮನ ಮುತ್ತಜ್ಜ ಪಾತಲಿಂಗಪ್ಪ. ಜವನಗೊಂಡನಹಳ್ಳಿ ಪಕ್ಕದ ನಮ್ಮ ಗೊಲ್ಲರಹಟ್ಟಿಯಲ್ಲಿ ಅವನ ಹೆಸರು ಎತ್ತಿದರೆ ಇವತ್ತಿಗೂ ಮುದುಕರು ನೆಟ್ಟಗೆ ಕೂರುತ್ತಾರೆ. ಒಂದು ಬೇಸಿಗೆಯಲ್ಲಿ ನೀರಿನ ಕಟ್ಟೆಯ ಹತ್ತಿರ ಅವನ ಕುರಿಹಿಂಡೂ ಆಂಧ್ರದ ಕಡೆಯಿಂದ ಬಂದವರ ಹಿಂಡೂ ಬೆರೆತು, ಮಾತು ಬಡಿಗೆಯ ತನಕ ಹೋಯಿತಂತೆ. ಪಾತಲಿಂಗಪ್ಪ ತಲೆಯ ರುಮಾಲು ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡ. ಒಂದೊಂದೇ ಕುರಿಯ ಕಿವಿ ಸವರಿ, ನನ್ನದು ಇದು, ನಿನ್ನದು ಅದು ಎಂದು ಬೆಳಗಿನಿಂದ ನಡುಮಧ್ಯಾಹ್ನದವರೆಗೆ ನೂರಿಪ್ಪತ್ತು ಕುರಿ ಬೇರೆ ಮಾಡಿ ನಿಲ್ಲಿಸಿದ. ಒಂದೂ ತಪ್ಪಲಿಲ್ಲ. ಅವನ ಕುರಿಗಳ ಬಲಗಿವಿಯಲ್ಲಿ ಮೇಲೆ ಎರಡು ಕಚ್ಚು, ಕೆಳಗೆ ಒಂದು ಕಚ್ಚು. ಅದೇ ಆ ಮನೆತನದ ಕಿವಿಗುರುತು. ಅಕ್ಷರ ಕಾಣದವರಿಗೆ ಅದೇ ರುಜು, ಅದೇ ಮೊಹರು.

ಅವನ ಮಗ ಎತ್ತಪ್ಪ, ಚಿತ್ತಮ್ಮನ ಅಜ್ಜ. 1933ರಲ್ಲಿ ಮಾರಿಕಣಿವೆಯ ಅಣೆಕಟ್ಟೆ ತುಂಬಿ ಮೊದಲ ಸಲ ಕೋಡಿ ಬಿದ್ದಾಗ ಎತ್ತಪ್ಪನಿಗೆ ಇಪ್ಪತ್ತೆರಡು ವರ್ಷ. ನೀರು ನೋಡಲು ಗಾಡಿ ಕಟ್ಟಿಕೊಂಡು ಜನ ಬರುತ್ತಾರೆ, ಯಾರೂ ಜಾರಿ ಬೀಳಬಾರದು ಎಂದು ಸುತ್ತಿನ ತಾಲೂಕುಗಳಿಂದ ನಲವತ್ತು ಗಟ್ಟಿ ಆಳುಗಳನ್ನು ಕಾವಲಿಗೆ ಆರಿಸಿದರಂತೆ. ಅವರ ಎದೆಗೆ ಚುಚ್ಚಲು ನಲವತ್ತು ತಗಡಿನ ಬಿಲ್ಲೆ ಬಂದವು. ದುಂಡನೆಯ ಬಿಲ್ಲೆ, ಮೇಲೆ ಕಟ್ಟೆಯ ಚಿತ್ರ, ಅದರ ಕೆಳಗೊಂದು ನಂಬರು, ಬೆನ್ನಿಗೆ ಪಿನ್ನು. ಬಿಲ್ಲೆಯ ಪೆಟ್ಟಿಗೆಯನ್ನು ಎತ್ತಪ್ಪನ ಕೈಗೆ ಕೊಟ್ಟು ಅಧಿಕಾರಿಯೊಬ್ಬರು, "ನಾಳೆ ಹಂಚೋತನಕ ಕಾಯಿ, ಒಂದೂ ಕಳೀಬಾರದು" ಎಂದರು.

ಕಾಯುವುದೆಂದರೆ ಎತ್ತಪ್ಪನಿಗೆ ಗೊತ್ತಿದ್ದುದು ಒಂದೇ ರೀತಿ. ಮರುದಿನ ಅಧಿಕಾರಿ ಪೆಟ್ಟಿಗೆ ತೆರೆದಾಗ ನಲವತ್ತೂ ಬಿಲ್ಲೆಯ ಬೆನ್ನಿನ ಅಂಚಿನಲ್ಲಿ ಮೇಲೆ ಎರಡು ಕಚ್ಚು, ಕೆಳಗೆ ಒಂದು ಕಚ್ಚು!

"ಲೇ, ಸರ್ಕಾರದ ಬಿಲ್ಲೆ ನಿನ್ನ ಕುರಿ ಅಂತ ತಿಳ್ಕಂಡ್ಯೇನೋ?"

"ಕಾಯಿ ಅಂದ್ರಲ್ಲ ಸಾಮಿ. ಗುರುತಿಲ್ದೆ ಹೆಂಗೆ ಕಾಯಾಣ?"

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಬೇರೆ ಬಿಲ್ಲೆ ತರಿಸಲು ಹೊತ್ತಿಲ್ಲದೆ ಅವನ್ನೇ ಹಂಚಿದರು. ಹಂಚಿದವನೂ ಎತ್ತಪ್ಪನೇ. ಕೊನೆಗೆ ಉಳಿದ ನಲವತ್ತನೇ ನಂಬರಿನದು ಅವನ ಎದೆಗೆ ಬಂತು. ಆ ದಿನ ನೀರಿನ ಅಂಚಿಗೆ ಹೋಗಿದ್ದ ಇಬ್ಬರು ಹೆಂಗಸರನ್ನು ಅವನು ಕಂಬಳಿ ಎಸೆದು ದಡಕ್ಕೆ ಎಳೆದ. ಆದರೆ ಊರಿಗೆ ನೆನಪು ಉಳಿದದ್ದು ಅದಲ್ಲ, ಕಚ್ಚು. ಅಂದಿನಿಂದ ಅವರ ಮನೆಗೆ 'ಬಿಲ್ಲೆ ಕಿವಿ ಕೊಯ್ದೋರು' ಎಂದೇ ಅಡ್ಡಹೆಸರು. ಚಿಕ್ಕಂದಿನಲ್ಲಿ ನಾನೂ ಹಾಗೆಂದು ಚಿತ್ತಮ್ಮನನ್ನು ರೇಗಿಸಿದ್ದೇನೆ. ಅವಳು ನನಗೆ ಸೋದರತ್ತೆಯ ಮಗಳು, ರೇಗಿಸುವುದು ನನ್ನ ಹಕ್ಕು. ಕಲ್ಲು ಬೀರುವುದು ಅವಳ ಹಕ್ಕು. ಒಂದು ಕಲ್ಲಿನ ಗಾಯ ಈಗಲೂ ನನ್ನ ಹುಬ್ಬಿನ ಮೇಲಿದೆ.

ಆ ಬಿಲ್ಲೆಯನ್ನು ಎತ್ತಪ್ಪನ ಹೆಂಡತಿ ಕಾಟಮ್ಮ ಒಂದು ಕರಿಕಂಬಳಿಗೆ ಚುಚ್ಚಿ ಇಟ್ಟಳು. ಮೊಮ್ಮಗಳು ಚಿತ್ತಮ್ಮನಿಗೆ ಕಥೆ ಹೇಳಿದವಳೂ ಅವಳೇ. ಯಾವ ಯಾವ ಬಿಲ್ಲೆ ಯಾರಿಗೆ ಹೋಯಿತೆಂದು ಗಂಡ ಹೇಳುತ್ತಿದ್ದುದನ್ನು ಅವಳು ಬಾಯಿಪಾಠ ಮಾಡಿಸಿದಳು. ಎತ್ತಪ್ಪ ಹೆಸರಿಗಿಂತ ಮೈಗುರುತು ಹಿಡಿಯುವವನು. "ಮೆಳ್ಳಗಣ್ಣಿನ ಸಿದ್ದಣ್ಣ, ಆದಿವಾಲ. ಗಾಣದ ರುದ್ರಪ್ಪ, ಎಡಗೈ ಗಿಡ್ಡ, ಶ್ರೀರಾಂಪುರ. ಬೆಲ್ಲದ ಅಜ್ಜಪ್ಪ, ಕಿವಿ ತುಂಬ ಕೂದ್ಲು, ಹೊಳಲ್ಕೆರೆ." ಹೀಗೆ ಏಳು ಜನ. ಮಿಕ್ಕ ಹೆಸರುಗಳು ಕಾಟಮ್ಮನ ಹೊತ್ತಿಗೇ ಮರೆತುಹೋಗಿದ್ದವು.

ಚಿತ್ತಮ್ಮ ಮದುವೆಯಾದ ಮೇಲೆ ಹಿರಿಯೂರಿಗೆ ಬಂದು ಹಾಲಸ್ವಾಮಿ ಎಂಬುವರ ಪ್ರೆಸ್ಸಿನಲ್ಲಿ ಕಾಗದ ಮಡಿಸುವ ಕೆಲಸಕ್ಕೆ ಸೇರಿದಳು. ಅಚ್ಚಿನ ಮೊಳೆ ಜೋಡಿಸುವವರ ಪಕ್ಕ ಕೂತು ಕೂತು ಅಕ್ಷರ ಕಲಿತಳು. ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಅಕ್ಷರ! ನೆಟ್ಟಗಿರುವ ಅಕ್ಷರ ಓದಲು ಆಮೇಲೆ ಆರು ತಿಂಗಳು ಹಿಡಿಯಿತು. ಚುನಾವಣೆಗೆ ಬಿಲ್ಲೆ ಮಾಡಿಕೊಡಲೆಂದು ಹಾಲಸ್ವಾಮಿ ಒಂದು ಕೈಮಶೀನು ತರಿಸಿದ್ದರು. ಚುನಾವಣೆ ಮುಗಿದ ಮೇಲೆ ಅದರ ಮೇಲೆ ಬೆಕ್ಕು ಮಲಗುತ್ತಿತ್ತು. ಚಿತ್ತಮ್ಮ ಬೆಕ್ಕನ್ನು ಎಬ್ಬಿಸಿ ತಾನು ಕೂತಳು. ಮುಂದೆ ಪ್ರೆಸ್ಸು ಮುಚ್ಚುವಾಗ ಹಾಲಸ್ವಾಮಿ ಆ ಮಶೀನನ್ನು ಅವಳಿಗೇ ಬಿಟ್ಟುಕೊಟ್ಟರು.

ನಲವತ್ತು ವರ್ಷ ಅವಳು ಮಾಡಿದ ಬಿಲ್ಲೆ ಒಂದೆರಡು ನಮೂನೆಯವಲ್ಲ. ಚಿತ್ರದುರ್ಗದ ಕೋಟೆ ನೋಡಲು ಬಂದವರಿಗೆ ಏಳು ಸುತ್ತಿನ ಬಿಲ್ಲೆ, ಚಂದ್ರವಳ್ಳಿಯ ಬಿಲ್ಲೆ, ಜೋಗಿಮಟ್ಟಿಯ ನವಿಲಿನ ಬಿಲ್ಲೆ. ರಕ್ತ ಕೊಟ್ಟವರಿಗೆ, ಕಬಡ್ಡಿ ಗೆದ್ದವರಿಗೆ, ಸಮ್ಮೇಳನಗಳ ಸ್ವಯಂಸೇವಕರಿಗೆ. ದುಂಡಗೆ ಕತ್ತರಿಸಿದ ಚಿತ್ರ, ಅದರಡಿ ತಗಡು, ಮೇಲೆ ಪಾರದರ್ಶಕ ಹಾಳೆ. ಒಂದು ಸಲ ಒತ್ತಿದರೆ ಮುಖ ಕೂಡುತ್ತದೆ, ಇನ್ನೊಂದು ಸಲ ಒತ್ತಿದರೆ ಬೆನ್ನು ಕೂಡುತ್ತದೆ. ಮೂರನೆಯ ಕೆಲಸ ಮಶೀನಿನದಲ್ಲ, ಅವಳದು. ಅಪ್ಪ ಕುರಿಗೆ ಬಳಸುತ್ತಿದ್ದ ಕತ್ತರಿಯಿಂದ ಬೆನ್ನಿನ ಅಂಚಿಗೆ ಮೇಲೆ ಎರಡು ಕಚ್ಚು, ಕೆಳಗೆ ಒಂದು. ಯಾವ ಕಚ್ಚಿಗೆ ಊರು ನಕ್ಕಿತ್ತೋ ಅದನ್ನೇ ಅವಳು ಊರೂರಿಗೆ ಕಳಿಸಿದಳು. ಪ್ರತಿ ನಮೂನೆಯದೂ ಒಂದೊಂದು ಅಜ್ಜಿಯ ಕಂಬಳಿಗೆ ಏರಿತು. ಈಗ ಆ ಕಂಬಳಿಯಲ್ಲಿ ಮುನ್ನೂರಕ್ಕೂ ಮೇಲೆ ಇವೆ. ಎತ್ತಿದರೆ ಗೆಜ್ಜೆಯ ಹಾಗೆ ಸದ್ದು.

2022ರಲ್ಲಿ ಎಂಬತ್ತೊಂಬತ್ತು ವರ್ಷದ ಮೇಲೆ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. 2025ರ ಜನವರಿಯಲ್ಲಿ ಇನ್ನೊಮ್ಮೆ. ಆ ಖುಷಿಯಲ್ಲಿ ಚಿತ್ರದುರ್ಗದ ಕೆಲವು ಆಸಕ್ತರು ಸೇರಿ ಎಂಟು ದಿನದ 'ನೆನಪಿನ ಬಿಲ್ಲೆಗಳ ಪ್ರದರ್ಶನ' ಇಟ್ಟುಕೊಂಡರು. ಅದರ ಮುಂದಾಳು ಗೋವರ್ಧನ ಮೇಷ್ಟ್ರು. ಹೊಸದುರ್ಗದವರು, ನಿವೃತ್ತರು, ಮೂವತ್ತು ವರ್ಷದಿಂದ ಬಿಲ್ಲೆ ಕೂಡಿಹಾಕಿದವರು. ಬಲ್ಲವರು ಎಂಬುದರಲ್ಲಿ ಎರಡು ಮಾತಿಲ್ಲ. ಎದೆಗೆ ಚುಚ್ಚುವ ಇಂಥ ಬಿಲ್ಲೆಗೆ ಅಮೆರಿಕದ ಒಂದು ಕಂಪನಿ 1896ರಲ್ಲಿ ಪೇಟೆಂಟು ಪಡೆಯಿತೆಂದೂ, ಅದಕ್ಕೂ ಮೊದಲು ಅಂಗಿಗೆ ಹೊಲಿದುಕೊಳ್ಳುವ ಗುಂಡಿಗಳಿದ್ದವೆಂದೂ, ಚುನಾವಣೆ, ವಸ್ತುಪ್ರದರ್ಶನ, ರಾಜರಾಣಿಯರ ಉತ್ಸವ ಎಂದು ಹತ್ತಿಪ್ಪತ್ತು ವರ್ಷದಲ್ಲಿ ಅದು ಲೋಕವೆಲ್ಲ ಸುತ್ತಿತೆಂದೂ ನನಗೆ ತಿಳಿಸಿದವರು ಅವರೇ. ಬಿಲ್ಲೆಯ ಮುಖ ಸುಳ್ಳು ಹೇಳಬಹುದು, ಬೆನ್ನು ಹೇಳುವುದಿಲ್ಲ ಎಂಬುದು ಅವರ ಸೂತ್ರ.

ಪ್ರದರ್ಶನ ಶುರುವಾಗುವ ಮೊದಲೇ ಚಿತ್ತಮ್ಮ ಕಂಬಳಿ ಹೊತ್ತು ಹೋದಳು, ಜೊತೆಗೆ ನಾನು. ಮೇಷ್ಟ್ರು ಒಂದೊಂದೇ ಬಿಲ್ಲೆಯನ್ನು ಮಸೂರದಲ್ಲಿ ನೋಡಿ ಹೊಗಳಿದರು. ನಲವತ್ತನೇ ನಂಬರಿನ ಹತ್ತಿರ ಬಂದಾಗ ಹೊಗಳಿಕೆ ಹೋಗಿ ಪ್ರಶ್ನೆ ಬಂತು.

"ಇದು 33ರದು ಅಂತೀರಾ ಅಮ್ಮಾ? ತೊಂಬತ್ತು ವರ್ಷದ ತಗಡಿಗೆ ತುಕ್ಕೇ ಇಲ್ಲವಲ್ಲ?"

"ಗಂಜಿ ಹಾಕದ ಕಂಬ್ಳಿ ಮೇಷ್ಟ್ರೇ. ಉಣ್ಣೆ ಜಿಡ್ಡು ತಗಡನ್ನ ತಿನ್ನಾಕೆ ಬಿಡಲ್ಲ. ಹುಣಸೆಬೀಜದ ಗಂಜಿ ಹಾಕಿದ್ ಕಂಬ್ಳೀಲಿ ಒಂದ್ಸಲ ಇಟ್ಟು ನಾನೇ ಒತ್ತಿದ್ ಹತ್ತಾರು ಬಿಲ್ಲೆ ಕಳ್ಕಂಡಿದೀನಿ, ನಂಗೊತ್ತು."

ಆ ಮಾತು ಮೇಷ್ಟ್ರಿಗೆ ಒಪ್ಪಿಗೆಯಾಯಿತು. ಆದರೆ ಬಿಲ್ಲೆ ತಿರುಗಿಸಿ ಬೆನ್ನು ನೋಡಿದವರೇ ಮಸೂರ ಕೆಳಗಿಟ್ಟರು.

"ಅಮ್ಮಾ, ಈ ಕಚ್ಚು ನೀವು ಮಾಡಿದ ಎಲ್ಲ ಬಿಲ್ಲೆಗೂ ಇದೆ. ಹಾಗಾದರೆ ಇದೂ ನೀವು ಮಾಡಿದ್ದೇ ಅಲ್ಲವಾ?"

ಚಿತ್ತಮ್ಮ ಎತ್ತಪ್ಪನ ಕಥೆ ಹೇಳಿದಳು. ಮೇಷ್ಟ್ರು ಪೂರ್ತಿ ಕೇಳಿದರು. ಕೊನೆಗೆ, "ಕಥೆ ಚೆನ್ನಾಗಿದೆ. ಆದರೆ ಅಜ್ಜನ ಗುರುತು ಅನ್ನೋಕೆ ನಿಮ್ಮ ಬಾಯಿಮಾತು ಬಿಟ್ಟರೆ ಏನಿದೆ? 'ಮನೆಯವರ ಹೇಳಿಕೆ, ಖಚಿತವಿಲ್ಲ' ಅಂತ ಚೀಟಿ ಬರೆದು ಇಡೋಣ. ಬೇಜಾರು ಮಾಡ್ಕೋಬೇಡಿ" ಎಂದರು.

ಅವಳ ಮುಖ ಕಪ್ಪಿಟ್ಟಿತು. ಊರು ನಕ್ಕಾಗಲೂ ಎತ್ತಪ್ಪ ಕಚ್ಚು ಹಾಕಿದ್ದು ಸುಳ್ಳೆಂದು ಯಾರೂ ಅಂದಿರಲಿಲ್ಲ. ಈಗ ಅವಳದೇ ಕಚ್ಚು ಅವಳ ಅಜ್ಜನನ್ನು ಸುಳ್ಳು ಮಾಡಿತ್ತು.

"ಖಚಿತವಿಲ್ಲ ಅಂತ ಬರೆದ್ರೆ ಕಂಬ್ಳಿ ಮಡಚ್ಕಂಡು ಹೋಗ್ತೀನಿ. ಬಾಗ್ಲು ತೆಗೆಯೋದು ಯಾವತ್ತು?"

"ಸೋಮವಾರ."

"ಅಷ್ಟ್ರಲ್ಲಿ ಬತ್ತೀನಿ. ಕಂಬ್ಳಿ ಇಲ್ಲೇ ಇರ್ಲಿ, ಯಾರೂ ಕೈ ಹಾಕ್ಬ್ಯಾಡ್ರಿ."

ಹೊರಗೆ ಬಂದು ನಾನು, "ಎಲ್ಲಿಗೆ ಹೊಂಟೆ?" ಎಂದೆ.

"ಕಳ್ದೋದ ಕುರಿ ಹುಡ್ಕಾಕೆ. ಮೂವತ್ತೊಂಬತ್ತು ಅವೆ. ಬತ್ತೀಯೋ, ಮನೇಲಿ ಕುಂತು ಎಲೆಅಡಿಕೆ ಕುಟ್ತೀಯೋ ಭಾವ?"

ಆದಿವಾಲದಿಂದ ಶುರುಮಾಡಿದೆವು. ಬಸ್ಸಿನಲ್ಲಿ ಅವಳು ಆಧಾರ್ ಕಾರ್ಡು ತೋರಿಸಿ ಕಿಟಕಿಯ ಪಕ್ಕ ಕೂತಳು. ಹೆಂಗಸರಿಗೆ ಬಸ್ಸು ಬಿಟ್ಟಿ, ನನಗೆ ಟಿಕೆಟ್ಟು. "ಟಿಕೀಟು ನಿಂಗೆ, ಸೀಟು ನಂಗೆ" ಎಂದು ನಾಲ್ಕು ಸಲ ಹೇಳಿ ನಾಲ್ಕು ಸಲವೂ ಹೊಸದೆಂಬಂತೆ ನಕ್ಕಳು. ಆದಿವಾಲದಲ್ಲಿ ಮೆಳ್ಳಗಣ್ಣಿನ ಸಿದ್ದಣ್ಣನ ಮನೆ ಸುಲಭವಾಗಿ ಸಿಕ್ಕಿತು. ಬಾಗಿಲು ತೆಗೆದ ಮರಿಮಗನದೂ ಮೆಳ್ಳಗಣ್ಣೇ! ಬಿಲ್ಲೆ ಇದ್ದದ್ದು ನಿಜವಂತೆ. ಚಿಕ್ಕವರಿದ್ದಾಗ ಕುಂಟಾಬಿಲ್ಲೆ ಆಡಿ ಆಡಿ ಕಾಲುವೆಗೆ ಹಾರಿಸಿದ್ದರಂತೆ. "ಹೇಳಿದ್ರೆ ಇಟ್ಕಂತಿದ್ವಿ ಕಣಜ್ಜಿ" ಎಂದು ಅವನು ಕೈ ಹಿಸುಕಿಕೊಂಡ. ಶ್ರೀರಾಂಪುರಕ್ಕೆ ಹೊಸದುರ್ಗದ ಮೇಲೆ ಹೋದೆವು. ಗಾಣವೂ ಇಲ್ಲ, ರುದ್ರಪ್ಪನ ಕಡೆಯವರೂ ಇಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ.

ಶನಿವಾರ ಹೊಳಲ್ಕೆರೆ. ಬೆಲ್ಲದ ಅಜ್ಜಪ್ಪನ ಮೊಮ್ಮಗನ ಹೆಂಡತಿ ಸರ್ವಮಂಗಳ, ಅರವತ್ತರ ಆಸುಪಾಸಿನ ಹೆಂಗಸು, ಹಣೆತುಂಬ ವಿಭೂತಿ. "ಬರ್ರಿ, ಕುಂತ್ಕಳ್ರಿ" ಎಂದು ಒಳಗೆ ಕರೆದರು. ಚಿತ್ತಮ್ಮ ನೀರು ಕುಡಿದು ನೇರ ಕೇಳಿದಳು.

"ನಿಮ್ಮ ಅಜ್ಜಪ್ಪೋರ ಕಿವೀಲಿ ಕೂದ್ಲು ಜಾಸ್ತಿ ಇತ್ತಾ ತಾಯಿ?"

ಸರ್ವಮಂಗಳ ಬೆಚ್ಚಿ, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕರು. "ನಮ್ಮ ಯಜಮಾನ್ರಿಗೂ ಐತೆ ಕಣ್ರಿ. ನಿಮಗೆ ಹೆಂಗೆ ಗೊತ್ತು?"

ಕಥೆ ಕೇಳಿದ ಮೇಲೆ ಅವರು ಒಳಗೆ ಹೋಗಿ ಒಂದು ಹಳೆಯ ರೇಷ್ಮೆಯ ಕುಲಾವಿ ತಂದರು. ಆ ಮನೆಯ ಕೂಸುಗಳಿಗೆಲ್ಲ ತೊಟ್ಟಿಲಿಗೆ ಹಾಕುವ ದಿನ ತೊಡಿಸುವ ಕುಲಾವಿಯಂತೆ. ಅದರ ನೆತ್ತಿಗೆ ಮುತ್ತು, ಜರಿ, ನಡುವೆ ಹಳದಿಗಟ್ಟಿದ ದುಂಡು ಬಿಲ್ಲೆ. ಕಟ್ಟೆಯ ಚಿತ್ರ. ನಂಬರು ಇಪ್ಪತ್ಮೂರು.

ಚಿತ್ತಮ್ಮ ಕೈ ಮುಂದೆ ಚಾಚಿದಳು, ಮುಟ್ಟಲಿಲ್ಲ.

"ಹಿಂದೆ ಏನೈತೆ ತಾಯಿ?"

"ಅರಿವೆ ಇಟ್ಟು ಹೊಲ್ದಾರೆ. ತಗಡು ಕೂಸಿನ ತಲೆಗೆ ಚುಚ್ಚುತ್ತೆ ಅಂತ ನಮ್ಮತ್ತೆಯ ಅತ್ತೆ ಹೊಲ್ದಿದ್ದಂತೆ. ಅವತ್ತಿಂದ ಯಾರೂ ಬಿಚ್ಚಿಲ್ಲ. ಬೇಕಾದ್ರೆ ಬಿಚ್ಚಿ ತೋರಿಸ್ಲಾ?"

"ಬ್ಯಾಡ!" ಚಿತ್ತಮ್ಮ ಎಷ್ಟು ಜೋರಾಗಿ ಅಂದಳೆಂದರೆ ಸರ್ವಮಂಗಳ ಕುಲಾವಿಯನ್ನು ಎದೆಗೆ ಅವಚಿಕೊಂಡರು. "ಇಲ್ಲಿ ಬಿಚ್ಚಿದ್ರೆ, ಕಚ್ಚು ಇವಳೇ ಹಾಕಿದ್ಲು ಅಂತಾರೆ. ಮೇಷ್ಟ್ರ ಮುಂದೆ ಬಿಚ್ರಿ, ನೀವೇ ಬಿಚ್ರಿ. ನಿಮ್ಮ ಮನೆ ಕುಲಾವಿ, ನನ್ನ ಕೈಗೆ ಕೊಡಬ್ಯಾಡ್ರಿ. ಸೋಮವಾರ ದುರ್ಗಕ್ಕೆ ಬತ್ತೀರಾ?"

ನಾನು ಅವಳನ್ನು ಜಗಲಿಗೆ ಕರೆದೆ. "ಚಿತ್ತಮ್ಮ, ಒಳಗೆ ಕಚ್ಚು ಇಲ್ದಿದ್ರೆ? ಅಷ್ಟು ಜನದ ಮುಂದೆ ಮಾನ ಹೋಗ್ತದೆ. ಒಂದ್ಸಲ ನೋಡ್ಕಂಡು ಹೋಗಾಣ."

"ನೋಡ್ಕಂಡು ಹೋದ್ರೆ ನಾನೂ ಅಜ್ಜನ್ನ ನಂಬ್ಲಿಲ್ಲ ಅಂತ ಆಯ್ತು. ಆಗ ಮೇಷ್ಟ್ರಿಗೂ ನಂಗೂ ಏನು ಫರಕು ಭಾವ?"

"ತೊಂಬತ್ತು ವರ್ಷದ ಮಾತು ಕಣೇ. ಒಂದಕ್ಕೆ ಕಚ್ಚು ಹಾಕೋದು ಮರ್ತಿರಬಹುದು."

"ನಮ್ಮಜ್ಜ ಉಣ್ಣೋದು ಮರೀತಿದ್ದ. ಗುರುತು ಮರೀತಿರ್ಲಿಲ್ಲ."

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ ಸರ್ವಮಂಗಳ ಹೊರಗೆ ಬಂದರು. "ಸೋಮವಾರ ಹತ್ತು ಗಂಟೆಗೆ ಬತ್ತೀನಿ. ನಮ್ಮನೆ ಕೂಸುಗಳು ಯಾರ ಗುರುತು ತಲೆಮೇಲೆ ಹೊತ್ವು ಅಂತ ನಂಗೂ ಗೊತ್ತಾಗಲಿ" ಎಂದರು.

ಆ ಭಾನುವಾರ ಚಿತ್ತಮ್ಮ ತನ್ನ ಕೋಣೆಯಲ್ಲಿ ಕೂತು ಯಾವುದೋ ವಾಲಿಬಾಲ್ ಪಂದ್ಯದ ನೂರು ಬಿಲ್ಲೆ ಒತ್ತಿ, ನೂರಕ್ಕೂ ಕಚ್ಚು ಹಾಕಿ ಎದ್ದಳು.

ಸೋಮವಾರ ಪ್ರದರ್ಶನದ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಸರ್ವಮಂಗಳ ಕುಲಾವಿಯನ್ನು ಬಿಳಿಯ ಅರಿವೆಯ ಮೇಲೆ ಇಟ್ಟರು. ಮೇಷ್ಟ್ರು ಬಿಲ್ಲೆಯ ಮುಖ ನೋಡಿ, ನಲವತ್ತನೇ ನಂಬರಿನ ಪಕ್ಕ ಹಿಡಿದು, "ಎರಡೂ ಒಂದೇ ಅಚ್ಚು" ಎಂದರು. ಅವರ ದನಿ ಆಗಲೇ ಇಳಿದಿತ್ತು. ಸರ್ವಮಂಗಳ ಬ್ಲೇಡಿನಿಂದ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿದರು. ಅರಿವೆ ಸರಿಯಿತು. ಒಳಗೆ ತುಕ್ಕು! ಕೂಸುಗಳ ತಲೆಗೆ ಹಚ್ಚಿದ ಎಣ್ಣೆಯೂ ಬೆವರೂ ಅರಿವೆಯಲ್ಲಿ ಇಳಿದು ಬೆನ್ನೆಲ್ಲ ಕೆಂಪು ಹಕ್ಕಳೆ ಎದ್ದಿತ್ತು.

ಮೇಷ್ಟ್ರು ಮಸೂರ ಹಿಡಿದು ಬಗ್ಗಿದರು. "ಮೇಲೆ... ಒಂದು. ಹ್ಞಾಂ, ಎರಡು. ಎರಡು ಇವೆ." ಆಮೇಲೆ ಕುಲಾವಿಯನ್ನು ಬೆಳಕಿನತ್ತ ತಿರುಗಿಸಿದರು. "ಕೆಳಗೆ ಕಾಣುತ್ತಿಲ್ಲ. ತುಕ್ಕು ಮುಚ್ಚಿದೆ. ಮೇಲಿನವೂ ತುಕ್ಕು ತಿಂದ ಗುಳಿಗಳಿರಬಹುದು."

ಕೋಣೆಯಲ್ಲಿ ಯಾರೋ ಕೆಮ್ಮಿದರು. ನಾನು ನೆಲ ನೋಡಿದೆ.

ಚಿತ್ತಮ್ಮ ಇದ್ದಲ್ಲಿಂದ ಕದಲಲಿಲ್ಲ. "ಮೇಷ್ಟ್ರೇ, ಕುರಿ ಕಿವಿಗೂ ಕೂದ್ಲು ಮುಚ್ಚಿರುತ್ತೆ. ಆ ಗಾಜು ಕೆಳಗಿಡ್ರಿ. ಕಣ್ಣು ಮುಚ್ಚಿ ಹೆಬ್ಬೆಟ್ಟು ಆಡಿಸ್ರಿ."

ಮೇಷ್ಟ್ರು ಅವಳನ್ನೊಮ್ಮೆ ನೋಡಿ ಕಣ್ಣು ಮುಚ್ಚಿದರು. ಹೆಬ್ಬೆರಳು ಅಂಚಿನ ಮೇಲೆ ಮೆಲ್ಲಗೆ ಸರಿಯಿತು. ಮೇಲೆ ನಿಂತಿತು, ಮತ್ತೆ ನಿಂತಿತು. ಕೆಳಗೆ ಬಂತು, ದಾಟಿತು, ಹಿಂದಕ್ಕೆ ಬಂತು. ಅಲ್ಲೇ ನಿಂತಿತು.

"ಐತೆ" ಎಂದರು ಮೇಷ್ಟ್ರು. ಅಲ್ಲಿಯವರೆಗೆ ಪುಸ್ತಕದ ಹಾಗೆ ಮಾತಾಡುತ್ತಿದ್ದವರ ಬಾಯಲ್ಲಿ ಹೊಸದುರ್ಗದ ಮಾತು ಬಂತು. "ಐತೆ ಕಣಮ್ಮ. ಕೆಳಗೊಂದು ಐತೆ."

ಸರ್ವಮಂಗಳ ತಾವೂ ಮುಟ್ಟಿದರು. ಆಮೇಲೆ ಒಬ್ಬೊಬ್ಬರೇ ಸಾಲಾಗಿ ಬಂದು ಮುಟ್ಟಿದರು. ಎತ್ತಪ್ಪನನ್ನು ನೋಡಿ ನಕ್ಕವರ ಮೊಮ್ಮಕ್ಕಳು ಎಷ್ಟು ಜನ ಆ ಸಾಲಿನಲ್ಲಿದ್ದರೋ ನನಗೆ ತಿಳಿಯದು. ನಾನಂತೂ ಇದ್ದೆ. ಚಿತ್ತಮ್ಮ ಮಾತ್ರ ಮುಟ್ಟಲಿಲ್ಲ. "ನಂಗೊತ್ತಿರೋದೆ" ಎಂದು ಸೆರಗು ಕೊಡವಿ ಕೂತಳು.

ಮೇಷ್ಟ್ರು ಹಳೆಯ ಚೀಟಿ ಹರಿದು ಹೊಸದು ಬರೆದರು. 'ಮಾರಿಕಣಿವೆ ಕೋಡಿ, 1933. ಬೆನ್ನಿನ ಕಚ್ಚು: ಗೊಲ್ಲರಹಟ್ಟಿಯ ಎತ್ತಪ್ಪನವರ ಮನೆತನದ ಕಿವಿಗುರುತು.' ಎಂಟು ದಿನವೂ ಎರಡು ಬಿಲ್ಲೆ ಅಕ್ಕಪಕ್ಕ ಬೆನ್ನು ತಿರುಗಿಸಿಯೇ ಇದ್ದವು. ಮುಖ ನೋಡಬೇಕೆಂದು ಯಾರೂ ಕೇಳಲಿಲ್ಲ.

ಕೊನೆಯ ದಿನ ಕುಲಾವಿಗೆ ಹೊಸ ಅರಿವೆ ಇಟ್ಟು ಹೊಲಿದು ಕೊಟ್ಟವಳು ಚಿತ್ತಮ್ಮ. ಈ ಸಲ ಗುರುತಿನ ಮೇಲೆ ಉಣ್ಣೆಯ ತುಂಡೊಂದನ್ನು ಇಟ್ಟಳು, ತುಕ್ಕು ಮತ್ತೆ ಏರದಿರಲೆಂದು. ಸರ್ವಮಂಗಳ ಅವಳ ಕೈ ಹಿಡಿದು, ಮುಂದಿನ ಕೂಸಿನ ತೊಟ್ಟಿಲಿಗೆ ಬರಲೇಬೇಕೆಂದು ಮಾತು ತೆಗೆದುಕೊಂಡು ಹೋದರು.

ಚಿತ್ತಮ್ಮ ಕಂಬಳಿ ಮಡಚುತ್ತಿದ್ದಾಗ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು. ತಾವೆಲ್ಲ ಸೇರಿ ಅವಳಿಗೆ ಕರೆಂಟಿನ ಹೊಸ ಮಶೀನು ಕೊಡಿಸುವುದಾಗಿಯೂ, ಅದು ದಿನಕ್ಕೆ ಸಾವಿರ ಬಿಲ್ಲೆ ಒತ್ತುವುದೆಂದೂ, ಕಚ್ಚನ್ನೂ ಅದರ ಅಚ್ಚಿನಲ್ಲೇ ಕೂರಿಸಬಹುದೆಂದೂ ಹೇಳಿದರು. ಅರವತ್ತೇಳನೇ ವಯಸ್ಸಿನಲ್ಲಿ ಕೈಮಶೀನು ಒತ್ತುವುದು ಬೇಡವೆಂದರು. ಹೇಳುತ್ತಲೇ ಕಂಬಳಿಯ ಒಂದು ತುದಿ ಹಿಡಿದು, ಕೆಳಗೆ ನಿಂತಿದ್ದ ತಮ್ಮ ಕಾರಿನವರೆಗೆ ಹೊತ್ತು ತರುತ್ತೇನೆಂದರು.

ಚಿತ್ತಮ್ಮ ಕಂಬಳಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡಳು. ಮುನ್ನೂರು ಬಿಲ್ಲೆ ಒಟ್ಟಿಗೆ ಝಲ್ಲೆಂದವು.

"ಕೈ ಬಿಡ್ರಿ ಮೇಷ್ಟ್ರೇ. ಮಶೀನು ಬ್ಯಾಡ. ದಿನಕ್ಕೆ ಸಾವಿರ ಕುರಿ ಈಯ್ತಾವೆ ಅಂದ್ರೆ ಯಾವ ಕುರುಬನೂ ಗೊಲ್ಲನೂ ಒಪ್ಪಲ್ಲ, ಕಿವಿ ಹಿಡಿಯೋರು ಯಾರು? ಅಪ್ಪನ ಕತ್ರಿ ಇನ್ನೂ ಮೊಂಡಾಗಿಲ್ಲ, ನನ್ನ ಬೆರಳೂ ಮೊಂಡಾಗಿಲ್ಲ. ಕಾರೂ ಬ್ಯಾಡ, ನಾಲ್ಕೂವರೆ ಬಸ್ಸೈತೆ, ಕಿಟಕಿ ಸೀಟು ಸಿಗ್ತದೆ. ನಮ್ಮ ಭಾವ ಬೇಕಾದ್ರೆ ನಿಮ್ಮ ಕಾರಲ್ಲಿ ಬರ್ಲಿ, ಅವನಿಗೆ ಟಿಕೀಟು ಉಳೀತದೆ. ಈ ಕಂಬ್ಳಿ ನಮ್ಮಜ್ಜಿ ಹೊತ್ತಿದ್ಲು, ನಾನೂ ಹೊರ್ತೀನಿ. ಬಿಡ್ರಿ."